ನೀರು ಕಾಸಿದ ಕೈ

ಅಪ್ಪ ತೀರಿಕೊಂಡ ಮೇಲೆ ಶಕ್ತಿನಗರದ ಅವನ ಹಳೆಯ ಗೆಳೆಯರೆಲ್ಲ ರಾಯಚೂರಿನ ನಮ್ಮ ಮನೆಗೆ ಬಂದು, ಅಂಗಳದ ಶಾಮಿಯಾನದ ಕೆಳಗೆ ಕುಳಿತು, ಒಬ್ಬೊಬ್ಬರಾಗಿ ಎದ್ದು ಎರಡೆರಡು ಮಾತು ಹೇಳಿದರು. ಎಲ್ಲರ ಮಾತೂ ತಿರುಗಿ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಪ್ರೀತಿಸಿದವಳಿಗಾಗಿ ಹೆತ್ತ ತಾಯಿಯನ್ನು ಬಿಟ್ಟ, ಹುಟ್ಟಿದ ಮನೆ ಬಿಟ್ಟ, ಜಾತಿ ಬಿಟ್ಟ, ಇಂಥ ಗಂಡ ಯಾರಿಗೆ ಸಿಗುತ್ತಾನೆ? ನಾನು ಅವ್ವನ ಪಕ್ಕದಲ್ಲಿ ಕುಳಿತಿದ್ದೆ. ಅವ್ವ ಏನು ಬಿಟ್ಟಳು ಎಂದು ಒಬ್ಬರೂ ಕೇಳಲಿಲ್ಲ. ಆಕೆ ಸೀರೆಯ ಸೆರಗನ್ನು ಮಡಿಲಲ್ಲಿ ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಕೇಳಿಸಿಕೊಳ್ಳುತ್ತಿದ್ದಳು. ಸತ್ತವರ ಮನೆಯಲ್ಲಿ ಸಿಟ್ಟು ಮಾಡಬಾರದೆನ್ನುತ್ತಾರೆ. ನನಗೆ ಬಂದಿತ್ತು, ಈಗಲೂ ಇದೆ. ಅಪ್ಪನನ್ನು ನಾನು ತುಂಬಾ ಪ್ರೀತಿಸಿದ್ದೆ. ಅದರಿಂದ ಸಿಟ್ಟೇನೂ ಕಡಿಮೆಯಾಗಿಲ್ಲ, ಇನ್ನಷ್ಟು ಹೆಚ್ಚಾಗಿದೆ. ಅವನು ಕೆಟ್ಟ ಗಂಡನಾಗಿದ್ದರೆ ಕೆಟ್ಟವನೆಂದು ಒಂದೇ ಮಾತಿನಲ್ಲಿ ಬರೆದು ಮುಗಿಸಬಹುದಿತ್ತು. ಅವನು ಒಳ್ಳೆಯ ಗಂಡ. ಆ ಒಳ್ಳೆಯತನವನ್ನು ನಂಬಿ ಅವ್ವ ಏನೇನು ನುಂಗಿದಳು ಎಂಬುದನ್ನು ಆ ಶಾಮಿಯಾನದ ಕೆಳಗೆ ಎದ್ದು ನಿಂತು ಹೇಳಲು ನನಗಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ನನ್ನ ಬಾಲ್ಯದ ಮನೆ ರಾಯಚೂರಿನ ಒಂದು ಕಿರಿದಾದ ಓಣಿಯಲ್ಲಿತ್ತು. ಮುಂದೆ ಒಂದು ಪಡಸಾಲೆ, ಅದರ ಹಿಂದೆ ಒಂದು ಮಲಗುವ ಕೋಣೆ, ಪಕ್ಕಕ್ಕೆ ಅಡಿಗೆಮನೆ, ಹಿತ್ತಲಲ್ಲಿ ನಳ ಮತ್ತು ಬಚ್ಚಲು. ಮೇಲೆ ಕಲ್ಲುಹಾಸಿನ ಮಾಳಿಗೆ. ಬೇಸಿಗೆಯಲ್ಲಿ ಆ ಕಲ್ಲು ಹಗಲಿಡೀ ಕುಡಿದ ಬಿಸಿಲನ್ನು ಸಂಜೆ ನಮ್ಮ ನೆತ್ತಿಯ ಮೇಲೆ ಉಗುಳುತ್ತಿತ್ತು. ಅಪ್ಪ ಸಂಜೆ ಕೊಡಗಟ್ಟಲೆ ನೀರು ಹೊತ್ತು ಮಾಳಿಗೆಗೆ ಚೆಲ್ಲಿ, ಅದು ಆರಿದ ಮೇಲೆ ಚಾಪೆ ಹಾಸುತ್ತಿದ್ದ. ಅವನಿಗೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಷಿಯನ್ ಕೆಲಸ, ಅವ್ವ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರು. ಅಪ್ಪನ ಹೆಸರು ಅಮರೇಶ, ಮಾನ್ವಿಯ ಅಕ್ಕಿ ಗಿರಣಿಯವರ ಮನೆಯ ಕಿರಿಯ ಮಗ, ಲಿಂಗವಂತರು. ಅವ್ವನ ಹೆಸರು ಹುಲಿಗೆಮ್ಮ, ದೇವದುರ್ಗದ ದಲಿತರ ಕೇರಿಯಲ್ಲಿ ಕಲ್ಲು ಒಡೆಯುವವನ ಮಗಳು. ಇಬ್ಬರೂ ರಾಯಚೂರಿಗೆ ಓದಲು ಬಂದಾಗ ಬಸ್ ನಿಲ್ದಾಣದಲ್ಲಿ ಪರಿಚಯವಾಗಿ, ಊರಿಗೆ ಹೋಗುವ ಬಸ್ಸುಗಳನ್ನು ಬೇಕೆಂದೇ ತಪ್ಪಿಸಿಕೊಂಡು ಮಾತಾಡುತ್ತ ಕೂರುವಂತಾಗಿ, ಕೊನೆಗೆ ರಿಜಿಸ್ಟರ್ ಮದುವೆಯಾದರು. ಈ ಕತೆಯನ್ನು ಅಪ್ಪ ಎಷ್ಟು ಸಲ ಹೇಳಿದರೂ ಅವ್ವ ನಗುತ್ತಿದ್ದಳು.

ಆ ಮನೆಯಲ್ಲಿ ಸಂತೋಷವಿತ್ತು, ಅದನ್ನು ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಅಪ್ಪ ಪಾಳಿ ಮುಗಿಸಿ ಬಂದಾಗ ಅವನ ಹುಬ್ಬು, ರೆಪ್ಪೆ, ಕಾಲರಿನ ಮಡಿಕೆಯಲ್ಲೆಲ್ಲ ಸ್ಥಾವರದ ಕಲ್ಲಿದ್ದಲ ಬೂದಿ ಇರುತ್ತಿತ್ತು. ಅವ್ವ ಬಾಗಿಲಲ್ಲೇ ತಡೆದು ಟವೆಲಿನಿಂದ ಅವನ ತಲೆ ಝಾಡಿಸುತ್ತಿದ್ದಳು.

"ಬಂದ ನೋಡ, ಮೈತುಂಬ ಭಸ್ಮ ಬಳಕೊಂಡ ಸ್ವಾಮಿ."

"ನಿನ್ನ ಕೈಯಾಗಿನ ರೊಟ್ಟಿ ಭಿಕ್ಷಾ ಬೇಡಾಕ ಬಂದೀನಿ, ಹುಲಿ."

ಅವಳನ್ನು ಅವನು ಹುಲಿ ಎಂದೇ ಕರೆಯುತ್ತಿದ್ದ. ರಜೆಯ ದಿನ ತಾನೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದ. ಮಾನ್ವಿಯ ಆ ಮನೆಯಲ್ಲಿ ಗಂಡಸರು ನೀರಿನ ಚರಿಗೆಯನ್ನೂ ಎತ್ತಿದವರಲ್ಲ. ಇವನು ನಮ್ಮ ಅಡಿಗೆಮನೆಯಲ್ಲಿ ಹಿಟ್ಟು ನಾದಲು ಕಲಿತ. ಅವನು ಬಡಿದ ರೊಟ್ಟಿಯನ್ನು ಅವ್ವ ಬೆಳಕಿಗೆ ಹಿಡಿದು ತೂತುಗಳಿಂದ ನನ್ನನ್ನು ನೋಡಿ, ಇದು ರೊಟ್ಟಿಯೋ ಜರಡಿಯೋ ಎಂದು ಕೇಳುವಳು. ಇಬ್ಬರೂ ಬಿದ್ದುಬಿದ್ದು ನಗುವರು. ಉಪ್ಪಿಗೆ ಜಗಳ, ನಳದ ನೀರಿಗೆ ಜಗಳ, ನನ್ನ ಲೆಕ್ಕದ ಪಾಠ ಯಾರು ಹೇಳಿಕೊಡಬೇಕೆಂದು ಜಗಳ. ಅವೆಲ್ಲ ಊಟದ ಹೊತ್ತಿಗೆ ಮುಗಿದುಹೋಗುವ ಜಗಳಗಳು. ಪಡಸಾಲೆಯಲ್ಲಿ ಅವ್ವ ತವರಿನಿಂದ ತಂದ ಬುದ್ಧನ ಪಟವಿತ್ತು. ಸ್ನಾನವಾದ ಮೇಲೆ ಅಪ್ಪ ತನ್ನ ಲಿಂಗಪೂಜೆ ಮುಗಿಸಿ, ಉಳಿದ ಹೂವನ್ನು ಆ ಪಟದ ಮುಂದೆ ಇಡುತ್ತಿದ್ದ.

ಆದರೆ ನಮ್ಮ ಮನೆಯಲ್ಲಿ ಮೀನು ಬೇಯುತ್ತಿರಲಿಲ್ಲ. ಅವ್ವ ಕೃಷ್ಣೆಯ ಮೀನು ತಿಂದು ಬೆಳೆದವಳು. ಮದುವೆಯಾದ ದಿನವೇ ಬಿಟ್ಟಳು. ಬಿಡು ಅಂತ ನಾ ಹೇಳಿಲ್ಲ ಎಂದು ಅಪ್ಪ ಎಲ್ಲರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದ. ಹೌದು, ಹೇಳಿರಲಿಲ್ಲ. ತಿನ್ನು ಎಂದೂ ಹೇಳಿರಲಿಲ್ಲ. ಅವ್ವ ಬಿಟ್ಟದ್ದು ಅತ್ತೆಗಾಗಿ. ಆ ಅತ್ತೆ ಅವಳನ್ನು ಮನೆಗೆ ಸೇರಿಸಿರಲಿಲ್ಲ, ಇವರ ಮನೆಗೆ ಬಂದಿರಲೂ ಇಲ್ಲ. ಯಾವತ್ತಾದರೂ ಬಂದರೆ ಒಲೆ ನೋಡಿ ಮೂಗು ಮುರಿಯಲು ಅವಳಿಗೆ ನೆಪ ಸಿಗಬಾರದೆಂದು, ಅವ್ವ ತನ್ನ ನಾಲಗೆಯನ್ನೇ ಕಟ್ಟಿಹಾಕಿಕೊಂಡು ವರ್ಷಗಟ್ಟಲೆ ಕಾದಳು. ದೇವದುರ್ಗದಿಂದ ತಾತ, ಎಂದರೆ ಅವ್ವನ ಅಪ್ಪ, ಬರುವಾಗ ಒಣಮೀನು ತಂದರೆ ಅದು ಎದುರು ಮನೆಯ ಹಸೀನಾಬಿ ಖಾಲಾ ಪಾಲಾಗುತ್ತಿತ್ತು. ಅದನ್ನು ಕೊಟ್ಟು ಬರುವಾಗ ಅವ್ವ ಒಂದು ಗಳಿಗೆ ಓಣಿಯ ನಡುವೆ ನಿಂತು ಬೆರಳು ಮೂಸುತ್ತಿದ್ದಳು. ನಾನು ಕಿಟಕಿಯಿಂದ ನೋಡಿದ್ದೇನೆ.

ಹಬ್ಬ ಬಂದರೆ ಅಪ್ಪ ನನ್ನನ್ನು ಮಾತ್ರ ಮಾನ್ವಿಗೆ ಕರೆದೊಯ್ಯುತ್ತಿದ್ದ. ಅವ್ವ ನನಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ಬಸ್ಸಿಗೆ ಹತ್ತಿಸಿ, ಒಬ್ಬಳೇ ಮನೆಗೆ ಹೋಗುತ್ತಿದ್ದಳು. ಹಬ್ಬದ ದಿನ ಮನೆಯಲ್ಲಿ ಅವಳೊಬ್ಬಳೇ ಏನು ಉಣ್ಣುತ್ತಿದ್ದಳೋ, ನಾನು ಕೇಳಿದವಳಲ್ಲ, ಅಪ್ಪನೂ ಕೇಳಿದ್ದು ನನಗೆ ನೆನಪಿಲ್ಲ. ಮಾನ್ವಿಯ ಮನೆಯೆಂದರೆ ತೌಡಿನ ವಾಸನೆ, ಗಿರಣಿಯ ಸದ್ದಿಗೆ ಸಣ್ಣಗೆ ನಡುಗುವ ಗೋಡೆ, ದೊಡ್ಡ ಕಂಬಗಳ ನಡುಮನೆ, ಹಣೆತುಂಬ ವಿಭೂತಿ ಹಚ್ಚಿದ ಅಜ್ಜಿ. ಅಜ್ಜಿ ನನ್ನನ್ನು ಪ್ರೀತಿಸುತ್ತಿದ್ದಳು. ಅಪ್ಪನ ಮೂಗು ಬಂದಿದೆ ಎಂದು ದೂರದಿಂದಲೇ ನೆಟಿಗೆ ಮುರಿಯುತ್ತಿದ್ದಳು. ಶೇಂಗಾ ಉಂಡೆ ಕೊಡುವಾಗ ನನ್ನನ್ನು ಕಂಬದ ಹತ್ತಿರ ನಿಲ್ಲಿಸಿ, ಬೊಗಸೆ ಹಿಡಿಯಲು ಹೇಳಿ, ತನ್ನ ಕೈ ಎತ್ತರಕ್ಕೆ ಎತ್ತಿ ಮೇಲಿಂದ ಬಿಡುತ್ತಿದ್ದಳು. ನಾನು ಹಿಡಿಯುತ್ತಿದ್ದೆ. ದೊಡ್ಡಪ್ಪನ ಮಕ್ಕಳಿಗೆ ಬಾಯಿಗೇ ಇಡುತ್ತಿದ್ದಳು, ನನಗೆ ಮಾತ್ರ ಈ ಆಟ. ನಾನು ರಾಯಚೂರಿನವಳು, ದೊಡ್ಡೂರಿನವಳು, ಅದಕ್ಕೇ ನನ್ನೊಂದಿಗೆ ವಿಶೇಷ ಆಟ ಆಡುತ್ತಾಳೆಂದು ನಾನು ಬೀಗುತ್ತಿದ್ದೆ. ಉಂಡ ತಾಟನ್ನು ನಾನೇ ತೊಳೆದು ಹಿತ್ತಲ ಗೋಡೆಯ ಮೇಲೆ ಬೇರೆಯಾಗಿ ಇಡಬೇಕಿತ್ತು. ಅಪ್ಪ ನಡುಮನೆಯಲ್ಲಿ ಅಣ್ಣನ ಸಾಲಿನಲ್ಲಿ ಕುಳಿತು ಹೋಳಿಗೆ ತುಪ್ಪ ಉಣ್ಣುತ್ತ, ತಾಟು ಹಿಡಿದು ಹೋಗುವ ನನ್ನನ್ನು ನೋಡಿ ಹೇಳುತ್ತಿದ್ದ.

"ಭಾಳ ಶಾಣ್ಯಾ ನನ್ನ ಮಗಳು, ತನ್ನ ತಾಟು ತಾನ ತೊಳಿತಾಳ."

ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಆ ಮೆಚ್ಚುಗೆಯ ಮಾತನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಗುತ್ತದೆ.

ಎರಡನೆಯದೋ ಮೂರನೆಯದೋ ಇಯತ್ತೆಯಲ್ಲಿದ್ದೆ. ಮಾನ್ವಿಯಿಂದ ಬಂದ ಮರುದಿನ ಅವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಅಜ್ಜಿ ಕೊಟ್ಟಿದ್ದ ಉಂಡೆಗಳಲ್ಲಿ ಒಂದನ್ನು ಅವಳಿಗಾಗಿ ಉಳಿಸಿ ತಂದಿದ್ದೆ. ಸ್ಟೂಲಿನ ಮೇಲೆ ಹತ್ತಿ ನಿಂತೆ.

"ಯವ್ವಾ, ಬೊಗಸಿ ಹಿಡಿ. ಎತ್ತರದಿಂದ ಬಿಡ್ತೀನಿ, ಕೆಳಗ ಬೀಳಿಸಬ್ಯಾಡ."

ಅವ್ವ ನಗುತ್ತ ಕೈ ಒಡ್ಡಿದಳು. ಉಂಡೆ ಅವಳ ಅಂಗೈಯಲ್ಲಿ ಬಿತ್ತು. ಆಗ ಅವಳ ಮುಖ ಬದಲಾದದ್ದನ್ನು ನಾನು ಮರೆತಿಲ್ಲ. ಬೇರೆ ಯಾರ ಮುಖವೋ ಬಂದು ಅಲ್ಲಿ ಕುಳಿತಂತಾಯಿತು.

"ಈ ಆಟ ಯಾರು ಕಲಿಸಿದ್ರು?"

"ಮಾನ್ವಿ ಅಜ್ಜಿ. ನನಗಷ್ಟ ಹಿಂಗ ಆಡಸ್ತಾಳ."

ಅವ್ವ ಆ ಉಂಡೆಯನ್ನು ತಿನ್ನಲಿಲ್ಲ, ಬಿಸಾಡಲೂ ಇಲ್ಲ. ಪಕ್ಕದಲ್ಲಿಟ್ಟು ಅಕ್ಕಿ ಹಸನು ಮಾಡುವುದನ್ನು ಮುಂದುವರಿಸಿದಳು. ಕೈ ಎಷ್ಟು ಜೋರಾಗಿ ಆಡುತ್ತಿತ್ತೆಂದರೆ ಅಕ್ಕಿಯೆಲ್ಲ ಮೊರದಿಂದ ಹಾರಿ ನೆಲಕ್ಕೆ ಬೀಳುತ್ತಿತ್ತು. ಸಂಜೆ ಅಪ್ಪ ಬಂದಾಗ ಅವನ ತಲೆಯ ಬೂದಿ ಝಾಡಿಸಲು ಬಾಗಿಲಿಗೆ ಹೋಗಲಿಲ್ಲ.

"ನನಗ ಮಾಡಿದ್ದನ್ನ ಸಹಿಸ್ಕೊಂಡೀನಿ. ನನ್ನ ಮಗಳ ಕೈಯಾಗೂ ಎತ್ತಿ ಹಾಕ್ತಾರೇನ್ರಿ?"

"ಹಳೇ ಮಂದಿ, ಹುಲಿ. ಆಕಿ ಈಗ ಬದಲಾಗಂಗಿಲ್ಲ. ಇನ್ನ ಎಷ್ಟು ದಿನ ಇರ್ತಾಳ, ಬಿಡು."

"ಆಕಿ ಮಾತು ಬಿಟ್ಟೆ. ಆಕಿ ಹಳೇ ಮಂದಿ. ನೀವು ಅಲ್ಲೇ ಕುಂತು ಉಣ್ಣಾಕತ್ತಿದ್ರಲ್ಲ, ನೀವು ಹೊಸಾ ಮಂದಿ ಏನು ಮಾಡಿದ್ರಿ?"

ಉತ್ತರವಿಲ್ಲದಾಗ ಅಪ್ಪ ಪ್ರೀತಿ ತೋರಿಸುತ್ತಿದ್ದ. ಅವತ್ತು ತಾನೇ ಒಲೆ ಹಚ್ಚಿ ಝುಣಕ ಮಾಡಿದ, ಅವಳ ತಾಟಿಗೆ ಬಡಿಸಿದ, ಉಣ್ಣು ಹುಲಿ ಎಂದು ಗೋಗರೆದ. ಅವ್ವ ಉಂಡಳು. ಅವಳು ಉಂಡದ್ದಕ್ಕೂ ನನಗೆ ಸಿಟ್ಟಿದೆ. ಅವತ್ತಿನಿಂದ ನನ್ನನ್ನು ಮಾನ್ವಿಗೆ ಕಳಿಸುವುದು ನಿಂತಿತು. ಅಪ್ಪ ಒಬ್ಬನೇ ಹೋಗಿ ಹಬ್ಬದೂಟ ಉಂಡು ಬರುತ್ತಿದ್ದ.

ಆಮೇಲೆ ಅಜ್ಜಿಯ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣು ಪೂರ್ತಿ ಮಂಜಾಗಿತ್ತು, ಇನ್ನೊಂದಕ್ಕೆ ಆಪರೇಷನ್ ಆಗಬೇಕಿತ್ತು. ದವಾಖಾನೆ ರಾಯಚೂರಿನಲ್ಲಿ. ಕಣ್ಣಿನ ಪಟ್ಟಿ ಬಿಚ್ಚುವವರೆಗೆ ಹತ್ತಿರದಲ್ಲೇ ಇರಬೇಕೆಂದು ಡಾಕ್ಟರು ಹೇಳಿದರು. ಗಿರಣಿಗೆ ಭತ್ತ ಬರುವ ಕಾಲ, ದೊಡ್ಡಪ್ಪನಿಗೆ ಬಿಡುವಿರಲಿಲ್ಲ. ನಮ್ಮವ್ವ ನಮ್ಮ ಮನಿಗೆ ಬರಾಕತ್ತಾಳ ಎಂದು ಅಪ್ಪ ಮಗುವಿನಂತೆ ಕುಣಿದ. ಅವ್ವ ಅವನಿಗಿಂತ ಹೆಚ್ಚು ಖುಷಿಪಟ್ಟಳು. ಶಾಲೆಗೆ ರಜೆ ಹಾಕಿ ಅಡಿಗೆಮನೆಗೆ ತಾನೇ ಸುಣ್ಣ ಬಳಿದಳು, ತಾಮ್ರದ ಕೊಡಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸಿದಳು. ನನ್ನ ಅವ್ವ ಆ ದಿನಗಳಲ್ಲಿ ಇದ್ದಷ್ಟು ಹುರುಪಿನಲ್ಲಿ ಮತ್ತೆಂದೂ ಇರಲಿಲ್ಲ. ಸೊಸೆಯಾಗಿ ಒಮ್ಮೆ ಸೇವೆ ಮಾಡಿದರೆ ಎಲ್ಲ ಸರಿಹೋಗುತ್ತದೆಂದು, ಮಕ್ಕಳಿಗೆ ಪಾಠ ಹೇಳುವ ಆ ಹೆಂಗಸು ನಂಬಿದ್ದಳು.

ಅಜ್ಜಿ ತನ್ನ ಸ್ಟೋವು, ತನ್ನ ಪಾತ್ರೆ, ತನ್ನ ಕೊಡದೊಂದಿಗೆ ಬಂದಳು. ಅಡಿಗೆಮನೆ ಯಾವ ಕಡೆ ಅದ ಎಂದು ಹೊಸ್ತಿಲಲ್ಲೇ ಮಗನನ್ನು ಕೇಳಿದಳು. ಅಪ್ಪ ಅವ್ವನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದ.

"ಪಟ್ಟಿ ಬಿಚ್ಚೋ ತನಕ ಅಷ್ಟ, ಹುಲಿ. ನಮ್ಮ ಅಡಿಗಿ ಇಲ್ಲಿ ತಗಡಿನ ಕೆಳಗ ಮಾಡ್ಕೊಳ್ಳೋಣು. ಆಕಿದು ನಾ ಒಳಗ ಮಾಡ್ತೀನಿ."

ಬುದ್ಧನ ಪಟವನ್ನು ಅವನೇ ಗೋಡೆಯಿಂದ ತೆಗೆದು ಟ್ರಂಕಿನಲ್ಲಿಟ್ಟ. ಅವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿದಳು. ತಾನೇ ಸುಣ್ಣ ಬಳಿದ ಅಡಿಗೆಮನೆಯೊಳಗೆ ಅವಳು ಕಾಲಿಡುವಂತಿರಲಿಲ್ಲ. ನಮ್ಮ ನಗುವಿಗಾಗಿ ಹಿಟ್ಟು ನಾದುತ್ತಿದ್ದ ಅಪ್ಪನ ಕೈಗಳು ಈಗ ಅಜ್ಜಿಯ ಮಡಿಗಾಗಿ ಹಿಟ್ಟು ನಾದಿದವು. ಬೆಳಿಗ್ಗೆ ಅವಳ ಅಡಿಗೆ ಮಾಡಿಟ್ಟು ಅವನು ಶಕ್ತಿನಗರದ ಬಸ್ಸು ಹತ್ತಿದರೆ, ಮುಂದಿನ ಹೊತ್ತೆಲ್ಲ ಆ ಕುರುಡು ಮುದುಕಿಯನ್ನು ನೋಡಿಕೊಳ್ಳಬೇಕಾದವಳು ಅವ್ವನೇ. ಕಣ್ಣಿನ ಔಷಧವನ್ನು ಅಜ್ಜಿ ನನ್ನಿಂದಲೂ ಹಾಕಿಸಿಕೊಳ್ಳಲಿಲ್ಲ, ಮಗ ಬರುವವರೆಗೆ ಕಾಯುತ್ತಿದ್ದಳು. ಬಚ್ಚಲಿಗೆ ಹೋಗುವುದಕ್ಕೆ ಮಾತ್ರ ಕಾಯಲಾಗದಲ್ಲ. ಆಗ ತನ್ನ ಊರುಗೋಲನ್ನು ಮುಂದಕ್ಕೆ ಚಾಚುತ್ತಿದ್ದಳು. ಕೋಲಿನ ಆ ತುದಿಯನ್ನು ಅವ್ವ ಹಿಡಿಯಬೇಕು, ಈ ತುದಿಯನ್ನು ಅಜ್ಜಿ. ಹಾಗೆ ಹಸುವನ್ನು ಎಳೆದುಕೊಂಡು ಹೋದಂತೆ ಇಬ್ಬರೂ ಹಿತ್ತಲಿಗೆ ನಡೆಯುತ್ತಿದ್ದರು. ಎಷ್ಟೋ ವರ್ಷ ಅತ್ತೆಗಾಗಿ ಕಾದವಳಿಗೆ ಸಿಕ್ಕಿದ್ದು ಒಂದು ಕೋಲಿನ ತುದಿ. ಅವ್ವ ಅದನ್ನೂ ಹಿಡಿದಳು.

ಒಂದು ಮಧ್ಯಾಹ್ನ ನಳದ ಹತ್ತಿರದ ಪಾಚಿಯ ಮೇಲೆ ಅಜ್ಜಿಯ ಕಾಲು ಜಾರಿತು. ಕೋಲು ಅವ್ವನ ಕೈಯಲ್ಲೇ ಉಳಿಯಿತು, ಅಜ್ಜಿ ಬಿದ್ದಳು. ಅವ್ವ ಕೋಲು ಬಿಸಾಕಿ ಓಡಿದಳು. ಕಂಕುಳಿಗೆ ಕೈ ಹಾಕಿ ಎತ್ತಿದಳು, ಎದೆಗೆ ಆನಿಸಿಕೊಂಡು ಒಳಗೆ ತಂದಳು, ಹೊರಸಿನ ಮೇಲೆ ಮಲಗಿಸಿ ಕಣ್ಣಿನ ಪಟ್ಟಿ ಸರಿಯಿದೆಯೇ ಎಂದು ಮುಟ್ಟಿ ಮುಟ್ಟಿ ನೋಡಿದಳು. ನಾನು ಅಲ್ಲೇ ಇದ್ದೆ. ಎತ್ತುವಾಗ ಅಜ್ಜಿಯೂ ಅವ್ವನ ಕೊರಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು. ಆ ಹಿಡಿತವನ್ನು ಕಣ್ಣಾರೆ ಕಂಡಿದ್ದೇನೆ. ಅವ್ವನ ಮುಖದಲ್ಲಿ ಭಯವಿತ್ತು, ಭಯದ ಜೊತೆಗೆ ಇನ್ನೊಂದೂ ಇತ್ತು. ಕೊನೆಗೂ ಮುಟ್ಟಿಸಿಕೊಂಡಳು ಎಂಬಂಥ ಒಂದು ಬೆಳಕು.

ಅಪ್ಪ ಬರುವವರೆಗೆ ಅಜ್ಜಿ ಒಂದು ಗುಟುಕು ನೀರೂ ಕುಡಿಯಲಿಲ್ಲ. ಅವನ ಚಪ್ಪಲಿಯ ಸದ್ದು ಕೇಳಿದ್ದೇ ತಡ ಎದ್ದು ಕುಳಿತಳು.

"ಅಮರೇಶ, ನೀರು ಕಾಸು. ಮೈ ತೊಳ್ಕೊಬೇಕು. ಆಕಿ ನನ್ನ ಮುಟ್ಯಾಳ."

ಅಜ್ಜಿ ಜಾರಿ ಬಿದ್ದದ್ದನ್ನು ನಾನು ಹೇಳಿದೆ.

"ಯವ್ವಾ, ಬಿದ್ದಿದ್ಯಂತಲ್ಲ. ಎತ್ತಬಾರದಿತ್ತೇನು?"

"ನೀರು ಕಾಸ್ತಿಯೋ ಇಲ್ಲೋ?"

ಅವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವಳನ್ನು ನೋಡಿದ. ಅವಳೂ ಅವನನ್ನು ನೋಡಿದಳು. ಆ ನೋಟ ಮುಗಿದ ಮೇಲೆ ಅಪ್ಪ ಹಂಡೆಯ ಕೆಳಗೆ ಬೆಂಕಿ ಹಚ್ಚಿದ. ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದರಿಂದ ಕೊರಳಿನ ಕೆಳಗೆ ಮಾತ್ರ ಸುರಿದ, ಅಷ್ಟು ಜೋಪಾನ! ಆಮೇಲೆ ಅವ್ವನ ಕೈ ತಾಗಿದ್ದ ಆ ಸೀರೆಯನ್ನು ಸೋಪು ಹಚ್ಚಿ ಕಲ್ಲಿಗೆ ಒಗೆದು, ಹಿಂಡಿ, ತಂತಿಯ ಮೇಲೆ ಹರವಿದ. ಅವ್ವ ನಿಂತಲ್ಲಿಂದ ಕದಲಲಿಲ್ಲ. ಅಜ್ಜಿ ಹಾಗೆ ಕೇಳಿದ್ದನ್ನು ನಾನು ಒಂದು ದಿನ ಮರೆತರೂ ಮರೆತೇನು, ಅವಳಿಗೆ ಅವಳ ಲೋಕ ಕಲಿಸಿದ್ದೇ ಅದು. ಅಪ್ಪ ಕಡ್ಡಿ ಗೀರಿದ್ದನ್ನು ಮರೆಯಲಾರೆ. ಅವನಿಗೆ ಬೇರೆ ಲೋಕ ಗೊತ್ತಿತ್ತು, ಅದರಲ್ಲೇ ಅವನು ಸುಖವಾಗಿದ್ದ.

ಮರುದಿನ ಬಿಸಿಲೇರುವ ಮುಂಚೆ ಅವ್ವ ಟ್ರಂಕಿನಿಂದ ಬುದ್ಧನ ಪಟ ತೆಗೆದಳು. ಅದನ್ನೂ, ಶಾಲೆಯ ಚೀಲವನ್ನೂ, ಒಂದು ಗಂಟು ಬಟ್ಟೆಯನ್ನೂ ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಓಣಿ ದಾಟಿ ಹಸೀನಾಬಿ ಖಾಲಾ ಮನೆಯ ಹೊರಕೋಣೆಗೆ ಹೋದಳು. ಅಷ್ಟೇ ದೂರ. ಯಾಕವ್ವ, ತವರಿಗೆ ಹೋಗಂಗಿಲ್ಲೇನು ಎಂದು ಖಾಲಾ ಕೇಳಿದಳು.

"ನಾ ಯಾಕ ಊರು ಬಿಡ್ಲಿ, ಖಾಲಾ? ನಾ ಏನು ತಪ್ಪು ಮಾಡೀನಿ? ಇಲ್ಲೇ ಇರ್ತೀನಿ. ದಿನಾ ಬಾಗಿಲಾ ತೆಗದ್ರ ನಾ ಕಾಣಬೇಕು ಅವರಿಗೆ."

ಅವತ್ತು ಸಂಜೆ ಅವ್ವ ಮೀನು ತರಿಸಿ, ಖಾರ ಹಚ್ಚಿ ಹುರಿದಳು. ವರ್ಷಗಳ ನಂತರ. ಆ ವಾಸನೆ ಓಣಿ ದಾಟಿ ನಮ್ಮ ಮನೆಯ ಬಾಗಿಲಿಗೆ ಹೋಯಿತು. ಅವಳು ಮುಳ್ಳು ಬಿಡಿಸಿ ನನ್ನ ಬಾಯಿಗೆ ಇಡುತ್ತ, ತಾನೂ ತಿನ್ನುತ್ತ ಅಳುತ್ತಿದ್ದಳು, ಅಳುತ್ತಲೇ ತಿನ್ನುತ್ತಿದ್ದಳು. ಅಪ್ಪ ಬಂದು ಮೆಟ್ಟಿಲ ಕೆಳಗೆ ನಿಂತ.

"ಹುಲಿ, ಮನಿಗೆ ಬಾ. ನಿನ್ನ ಮ್ಯಾಲ ನನಗ ಪ್ರೀತಿ ಇಲ್ಲೇನು?"

"ಅದ. ನನಗ ಗೊತ್ತದ. ನೀರು ಕಾಸಿದ ಕೈ ಯಾರದು, ಅದನ್ನ ಹೇಳ್ರಿ."

ಅವನು ದಿನವೂ ಬಂದ, ದಿನವೂ ಮೆಟ್ಟಿಲ ಮೇಲೆ ಕುಳಿತು ಎದ್ದು ಹೋದ. ಓಣಿಯ ಹೆಂಗಸರಿಗೆ ಅವನ ಮೇಲೆಯೇ ಮರುಕ. ಇಂಥ ಒಳ್ಳೇ ಗಂಡಸನ್ನ ಹಿಂಗ ಅಲೆದಾಡಸ್ತಾಳ ಎಂದು ನಳದ ಹತ್ತಿರ ಅವ್ವನಿಗೆ ಕೇಳುವಂತೆಯೇ ಮಾತಾಡುತ್ತಿದ್ದರು. ಸುದ್ದಿ ತಿಳಿದು ದೇವದುರ್ಗದಿಂದ ತಾತ ಬಂದ. ಕಲ್ಲು ಒಡೆದು ಬೆರಳೆಲ್ಲ ಸೊಟ್ಟಗಾಗಿದ್ದ ಮನುಷ್ಯ. ಅವನು ದನಿ ಎತ್ತರಿಸಿದ್ದನ್ನು ನಾನು ಕೇಳಿದವಳೇ ಅಲ್ಲ. ಅವತ್ತೂ ಎತ್ತರಿಸಲಿಲ್ಲ. ಮೆಟ್ಟಿಲ ಮೇಲೆ ಕುಳಿತಿದ್ದ ಅಳಿಯನ ಪಕ್ಕದಲ್ಲಿ ಕುಳಿತು ಕೇಳಿದ.

"ಅಳಿಯಂದ್ರ, ನೀವು ನಮ್ಮನಿಗೆ ಬಂದಾಗ ಇದ್ದದ್ದು ಒಂದ ಹೊರಸು ನಿಮಗ ಹಾಕಿ ನಾವು ನೆಲದ ಮ್ಯಾಲ ಕುಂತೀವಿ. ಅದು ನಿಮ್ಮ ಜಾತಿ ದೊಡ್ಡದಂತ ಅಲ್ರೀ. ಮನಿಗೆ ಬಂದ ಅಳಿಯ ಅಂತ. ನಮ್ಮ ಹುಡುಗಿ ನಿಮ್ಮನ್ಯಾಗ ಏನಾಗ್ಯಾಳ?"

ಅಪ್ಪ ಮುಖ ಮುಚ್ಚಿಕೊಂಡು ಅತ್ತ. ತಾತ ಎದ್ದು ಹೋಗುವಾಗ ಅವ್ವನ ತಲೆ ಮುಟ್ಟಿ, ನಿಲ್ಲು ಎಂದಷ್ಟೇ ಹೇಳಿದ.

ಅಜ್ಜಿಯ ಪಟ್ಟಿ ಬಿಚ್ಚಿದರು, ಕಣ್ಣು ಕಂಡಿತು, ದೊಡ್ಡಪ್ಪ ಬಂದು ಕರೆದೊಯ್ದ. ಅದೇ ಸಂಜೆ ಅಪ್ಪ ಓಣಿ ದಾಟಿ ಬಂದ, ಮುಖದಲ್ಲಿ ಗೆಲುವು.

"ಅವ್ವ ಹೋದಳು, ಹುಲಿ. ಎಲ್ಲಾ ಮುಗೀತು. ನಡಿ ಮನಿಗೆ."

"ಆಕಿ ಹೋದ ಮ್ಯಾಲ ಆ ಮನಿ ನಂದಾಗತದೇನ್ರಿ? ಆಕಿ ಇದ್ದಾಗ ನಂದಾಗಬೇಕಿತ್ತು. ನಾ ಬರಬೇಕಂದ್ರ ಮಾನ್ವಿಗೆ ನಡ್ರಿ. ನಿಮ್ಮವ್ವನ ಕಣ್ಣ ಮುಂದ, ಒಂದ ತಾಟಿನಾಗ, ನನ್ನ ಕೂಡ ಉಣ್ರಿ. ಈಗ ಆಕಿಗೆ ಚಂದಾಗಿ ಕಾಣ್ತದ."

ಅಪ್ಪ ಒಪ್ಪಲು ಬಹಳ ದಿನ ತೆಗೆದುಕೊಂಡ. ಒಂದು ಭಾನುವಾರ ಮೂವರೂ ಮಾನ್ವಿ ಬಸ್ಸು ಹತ್ತಿದೆವು. ಮದುವೆಯಾಗಿ ಅಷ್ಟು ವರ್ಷಗಳ ಮೇಲೆ ಅವ್ವ ಅತ್ತೆಮನೆಯನ್ನು ಮೊದಲ ಸಲ ನೋಡಿದ್ದು ಅವತ್ತು. ಗಿರಣಿಯ ಆಳುಗಳು ಕೆಲಸ ನಿಲ್ಲಿಸಿ ನೋಡಿದರು. ದೊಡ್ಡಪ್ಪ ಬಾಗಿಲಿಗೆ ಬಂದು ಅಡ್ಡ ನಿಂತ, ಅವನ ಹಿಂದೆ ಅಜ್ಜಿ.

"ಹಸಿವಾಗ್ಯಾದ," ಎಂದ ಅಪ್ಪ. "ಮೂರು ಮಂದಿಗೆ ತಾಟ ಹಾಕ್ರಿ. ಒಳಗ."

"ನೀ ಒಳಗ ಬಾ," ಎಂದಳು ಅಜ್ಜಿ. "ಅವರಿಗೆ ಕಟ್ಟಿ ಮ್ಯಾಲ ಕೊಡಸ್ತೀನಿ."

ಅಪ್ಪ ಹೊಸ್ತಿಲು ನೋಡಿದ. ಒಂದು ಕಾಲು ಮುಂದಿಟ್ಟನೋ ಎಂದು ನನಗನ್ನಿಸಿತು. ಅವ್ವ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತು ತಾನು ತಂದಿದ್ದ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಒಂದೇ ತಾಟಿನಲ್ಲಿ ಹಾಕಿ ಕಾದಳು. ರೊಟ್ಟಿಯ ಮೇಲೆ ನೊಣ ಬಂದು ಕುಳಿತಿತು, ಓಡಿಸಿದಳು. ಅಪ್ಪ ತಿರುಗಿ ಬಂದು ಅವಳೆದುರು ಕುಳಿತ. ಅವಳ ಕೈ ಇದ್ದ ತಾಟಿಗೇ ಕೈ ಹಾಕಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಇಡೀ ಓಣಿ ನೋಡುತ್ತಿತ್ತು. ಅಜ್ಜಿ ಹಣೆ ಬಡಿದುಕೊಂಡಳು.

"ಇದನ್ನ ನೋಡಾಕ ಕಣ್ಣು ತೆರಸಿದೇನೋ, ಅಮರೇಶ? ಇವತ್ತಿಗೆ ನೀ ಸತ್ತಿ."

ಬಾಗಿಲು ಮುಚ್ಚಿತು. ಅಪ್ಪ ತಾಟಿನಿಂದ ಕೈ ತೆಗೆದ. ಅವ್ವ ನೀರಿನ ಚರಿಗೆ ಅವನ ಮುಂದೆ ಸರಿಸಿ, ಪೂರ್ತಿ ಉಣ್ರಿ ಎಂದಳು. ಅವನು ಉಂಡ. ಬಸ್ಸಿನಲ್ಲಿ ರಾಯಚೂರು ಬರುವವರೆಗೂ ಬಿಕ್ಕಿದ. ಅವ್ವ ಸಮಾಧಾನ ಮಾಡಲಿಲ್ಲ, ಕಿಟಕಿಯ ಆಚೆ ನೋಡುತ್ತ ಕುಳಿತಳು. ಆಗ ಅವಳದು ಕಲ್ಲೆದೆ ಅನ್ನಿಸಿತ್ತು. ಮದುವೆಯಾಗಿ ಮಕ್ಕಳನ್ನು ಹೆತ್ತ ಮೇಲೆ ನನಗೆ ಅರ್ಥವಾಗಿದೆ. ಅವನು ಒಂದು ಹೊತ್ತು ಕುಳಿತ ಕಟ್ಟೆಯ ಮೇಲೆ ಅವಳು ಹುಟ್ಟಿದಂದಿನಿಂದ ಕುಳಿತಿದ್ದಳು. ಅವಳನ್ನು ಯಾರು ಸಮಾಧಾನ ಮಾಡಿದ್ದರು?

ಆ ಹಳೆಯ ಮನೆಗೆ ಅವ್ವ ಮತ್ತೆ ಕಾಲಿಡಲಿಲ್ಲ. ಅಪ್ಪ ಅದನ್ನು ಖಾಲಿ ಮಾಡಿ ಪಾತ್ರೆ ಪಗಡ ಎಲ್ಲ ಹೊತ್ತು ಖಾಲಾ ಕೋಣೆಗೆ ಬಂದ, ಕೆಲವು ವರ್ಷ ಅಲ್ಲೇ ಇದ್ದು ಆಮೇಲೆ ಸ್ವಂತ ಮನೆ ಕಟ್ಟಿದರು. ಮೀನು ಬೇಯಿತು, ನಗು ಮರಳಿತು, ಅಪ್ಪನ ರೊಟ್ಟಿಗಳೂ ಮರಳಿದವು. ಆದರೆ ಪ್ರತಿ ಜಗಳದಲ್ಲೂ ಒಂದು ಹೊಸ ಮಾತು ಸೇರಿಕೊಂಡಿತು. ನಿನ್ನ ಸಲುವಾಗಿ ನಮ್ಮವ್ವನ್ನ ಬಿಟ್ಟೆ. ಉಪ್ಪಿಗೆ ಶುರುವಾದ ಜಗಳವೂ ಅಲ್ಲಿಗೇ ಬಂದು ಮುಟ್ಟುತ್ತಿತ್ತು. ಅಜ್ಜಿ ಸತ್ತಾಗ ಮಾನ್ವಿಯಿಂದ ಯಾರೂ ಹೇಳಿ ಕಳಿಸಲಿಲ್ಲ, ಮಣ್ಣಾದ ಮೇಲೆ ತಿಳಿಯಿತು. ಅದೂ ಅವ್ವನ ಲೆಕ್ಕಕ್ಕೇ ಸೇರಿತು. ನನ್ನ ಸಲುವಾಗಿ ಅಲ್ರೀ, ನಿಮ್ಮ ಸಲುವಾಗಿ ಬಿಟ್ರಿ, ಮನುಷ್ಯರಾಗಾಕ ಬಿಟ್ರಿ ಎಂದು ಅವಳು ಹೇಳುತ್ತಿದ್ದಳು. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಊರು ಅವನನ್ನು ತ್ಯಾಗಿ ಎಂದು ಕರೆಯುತ್ತಿತ್ತು, ಅವನಿಗೆ ಆ ಹೆಸರು ಹಿತವಾಗಿತ್ತು.

ಅಪ್ಪ ತೀರಿಕೊಳ್ಳುವುದಕ್ಕೆ ಕೆಲವು ವರ್ಷ ಮುಂಚೆ ದೊಡ್ಡಪ್ಪನ ಮಗ ನಮ್ಮ ಮನೆಗೆ ಬಂದ. ಮಾನ್ವಿಯವರು ನಮ್ಮ ಸ್ವಂತ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಜೊತೆಗೆ ರಾಯಚೂರಿನಲ್ಲಿ ಓದುತ್ತಿದ್ದ ಅವನ ಮಗಳು. ಅವಳು ತನ್ನೊಂದಿಗೆ ಓದುವ, ಅವ್ವನ ಜಾತಿಯ ಹುಡುಗನನ್ನು ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದಳು. ಅವ್ವ ಚಹಾ ಕೊಟ್ಟಳು. ಅವನು ಕುಡಿದ, ಕೆಲಸವಿತ್ತಲ್ಲ.

"ಕಾಕಾ, ಇಂಥಾ ಮದುವಿ ಮಾಡ್ಕೊಂಡು ನೀವು ಎಷ್ಟು ಕಷ್ಟಪಟ್ರಿ, ಈಕಿಗೆ ಸ್ವಲ್ಪ ತಿಳಿಸಿ ಹೇಳ್ರಿ."

ತ್ಯಾಗದ ಕತೆ ಶುರುವಾಗುತ್ತದೆಂದು ನಾನು ಹಲ್ಲು ಕಚ್ಚಿ ಕುಳಿತೆ.

"ನಾ ಏನೂ ಕಷ್ಟಪಟ್ಟಿಲ್ಲವ್ವ," ಎಂದ ಅಪ್ಪ ಹುಡುಗಿಗೆ. "ಎರಡೂ ಕಡೆ ಉಂಡೀನಿ. ಕಷ್ಟಪಟ್ಟಾಕಿ ಇಲ್ಲಿ ನಿಂತಾಳ. ಆಕಿನ್ನ ಕೇಳು."

ಅವ್ವ ಇದನ್ನು ಕೇಳಿ ಅತ್ತಳೆಂದು ಬರೆದರೆ ಓದುವವರಿಗೆ ಹಿತವಾಗಬಹುದು. ಅವಳು ಅಳಲಿಲ್ಲ. ಅವನ ಕಡೆ ತಿರುಗಿದಳು.

"ಇಷ್ಟು ಹೇಳಾಕ ಮುದುಕರಾಗಬೇಕಾತೇನ್ರಿ?"

ಅಪ್ಪ ತಲೆ ತಗ್ಗಿಸಿದ. ಅವ್ವ ಹುಡುಗಿಯ ಎದುರು ಕುಳಿತಳು.

"ನೋಡವ್ವ, ಮದುವಿ ಆಮ್ಯಾಲ. ಮೊದಲ ಆ ಹುಡುಗನ್ನ ನಿಮ್ಮ ಮನಿಗೆ ಕರಕೊಂಡು ಹೋಗು. ನಡುಮನ್ಯಾಗ, ನಿಮ್ಮಪ್ಪನ ಬಾಜೂಕ ಕುಂದ್ರಿಸಿ ಉಣಿಸು. ಅದು ನಿನ್ನ ಕೆಲಸ, ಅವಂದಲ್ಲ. ಅವನ್ನ ಕಾಯಸಬ್ಯಾಡ."

ಹುಡುಗಿಯ ಅಪ್ಪ ದಡಬಡಿಸಿ ಎದ್ದ. ಬಸ್ಸಿಗೆ ಹೊತ್ತಾತು, ನಡಿ ಎಂದ. ಹುಡುಗಿ ಏಳಲಿಲ್ಲ.

"ಅವಗ ಉಣ್ಣಾಕ ಕೊಡದಿದ್ರ, ಅಜ್ಜಿ?"

"ನೀನೂ ಉಣ್ಣಬ್ಯಾಡ," ಎಂದಳು ಅವ್ವ. "ಅವತ್ತಿಂದನ."